ಅಮ್ಮ ರುಚಿ ನೋಡದ ಮಸಾಲೆ

ಭಾನುವಾರದ ಸಂಜೆ ಮಾಕಳಿದುರ್ಗದ ಬೆಟ್ಟ ಹತ್ತಿ ಇಳಿದು ಬರುವ ಬೆಂಗಳೂರಿನ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೂಟಿನ ತುಂಬ ಧೂಳು ಮೆತ್ತಿಕೊಂಡು ದೊಡ್ಡಬಳ್ಳಾಪುರದ ನಮ್ಮ ಗಾಡಿಯ ಮುಂದೆ ನಿಲ್ಲುವರು. ಮಸಾಲೆ ಪೂರಿ ಹೇಳುವರು. ತಟ್ಟೆ ಕೈಗೆ ಬಂದ ಮೇಲೆ ತಿನ್ನುವುದನ್ನು ಬಿಟ್ಟು ಫೋಟೋ ತೆಗೆಯುತ್ತ ನಿಲ್ಲುವರು. ಬಿಸಿ ಮಸಾಲೆಯಲ್ಲಿ ಪೂರಿ ಮೆತ್ತಗಾಗುತ್ತಿದೆಯಲ್ಲ ಎಂದು ನನ್ನ ಕೈಕಾಲು ಚಡಪಡಿಸುವುದು. ಅಷ್ಟಕ್ಕೇ ಬಿಡದೆ, ಆಂಟಿ, ಇದು ಒರಿಜಿನಲ್ಲಾಗಿ ಎಲ್ಲಿಂದ ಬಂದಿದ್ದು ಎಂದು ಅಮ್ಮನನ್ನು ಕೇಳುವರು. ಅಮ್ಮನಿಗೂ ಅದೇ ಬೇಕಾಗಿತ್ತು.

ಒಂದು ವಾರ ಅವಳು ಇದು ಮೈಸೂರಿನ ಅರಮನೆಯ ತಿಂಡಿ ಎನ್ನುವಳು. ಮುಂದಿನ ವಾರ ಅದೇ ತಿಂಡಿ ಬೆಂಗಳೂರಿನ ಪೇಟೆಯ ಸೇಟುಗಳ ಮನೆಯದಾಗುವುದು. ಇನ್ನೊಂದು ವಾರ ಆವತಿಯ ಹತ್ತಿರದ ತನ್ನ ತವರಿನಲ್ಲಿ ತನ್ನಜ್ಜಿಯೇ ಇದನ್ನು ಮೊದಲು ಮಾಡಿದ್ದು ಎಂದು ಹೇಳಿ ಎಲ್ಲರ ಬಾಯಲ್ಲಿ ವಾವ್ ಎನ್ನಿಸುವಳು. ಅವಳ ಅಜ್ಜಿ ಪೂರಿಯನ್ನು ಕಣ್ಣಲ್ಲಾದರೂ ನೋಡಿದ್ದಳೋ ಇಲ್ಲವೋ. ಯಾಕಮ್ಮ ಹೀಗೆ ಸುಳ್ಳು ಹೊಡೀತೀಯ ಎಂದು ಮನೆಗೆ ಬಂದ ಮೇಲೆ ನಾನು ರೇಗಿದರೆ, ಅಷ್ಟು ದೂರದಿಂದ ಬಂದಿರ್ತಾರೆ, ಬರೀ ತಿಂಡಿ ತಿಂದ್ಕೊಂಡು ಹೋಗ್ಬೇಕಾ ಎನ್ನುವಳು.

ನಿಜ ಏನೆಂದರೆ, ಅಮ್ಮನಿಗೆ ಮಸಾಲೆ ಪೂರಿ ಕಲಿಸಿದ್ದು ನಮ್ಮದೇ ವಠಾರದಲ್ಲಿದ್ದ ತ್ಯಾಮಗೊಂಡ್ಲಿನ ಒಬ್ಬ ಹೆಂಗಸು. ಊರಿನ ಹೊಲ ಅಣ್ಣತಮ್ಮಂದಿರಲ್ಲಿ ಚೂರು ಚೂರಾಗಿ ಹಂಚಿಹೋದ ಮೇಲೆ ಅಪ್ಪ ಮಗ್ಗದ ಕೆಲಸ ಹಿಡಿದು ದೊಡ್ಡಬಳ್ಳಾಪುರಕ್ಕೆ ಬಂದಿದ್ದರು. ಬಂದ ಕೆಲವೇ ವರ್ಷಕ್ಕೆ ತೀರಿಕೊಂಡರು. ಆ ಹೆಂಗಸು ಮಗ್ಗದ ಬೀದಿಯ ತಿರುವಿನಲ್ಲಿ ಗಾಡಿ ಇಟ್ಟಿದ್ದಳು. ವಾಪಸ್ಸು ತನ್ನೂರಿಗೆ ಹೊರಟಾಗ ಗಾಡಿಯನ್ನೂ ಜಾಗವನ್ನೂ ಮಸಾಲೆಯನ್ನೂ ಅಮ್ಮನಿಗೆ ಬಿಟ್ಟುಹೋದಳು. ಆಗ ನನಗೆ ಹನ್ನೊಂದು ಹನ್ನೆರಡು ವರ್ಷ. ಆಮೇಲೆ ಮೂವತ್ತು ವರ್ಷ ಅಮ್ಮ ಆ ತಿರುವಿನಲ್ಲೇ ನಿಂತಳು. ನಾನು ಮದುವೆಯಾಗಿ ಹೋದೆ, ಆರು ವರ್ಷಕ್ಕೆ ವಾಪಸ್ಸು ಬಂದೆ. ಅದು ಬೇರೆ ಕತೆ, ಇಲ್ಲಿ ಬೇಡ.

ನಮ್ಮ ಬಲಕ್ಕೆ ಪಾನಿಪೂರಿ ಗಾಡಿ. ಉತ್ತರ ಪ್ರದೇಶದವನದು. ಮೀಸೆ ಮೂಡುವ ವಯಸ್ಸಿಗೆ ಬಂದವನಿಗೆ ಈಗ ಇಲ್ಲಿಯೇ ಇಬ್ಬರು ಮಕ್ಕಳು. ಎಡಕ್ಕೆ ಗೋಬಿ ಮಂಚೂರಿ. ಅವನು ಹಿಂದೂಪುರದ ಕಡೆಯವನು, ತೆಲುಗು ಬೆರೆತ ಕನ್ನಡ ಮಾತಾಡುತ್ತಾನೆ. ಅವನ ಬೋರ್ಡಿನ ಮೇಲೆ ಚೈನೀಸ್ ಎಂದು ಕೆಂಪಕ್ಷರದಲ್ಲಿ ಬರೆದಿದೆ. ಹೂಕೋಸಿಗೆ ಮೈದಾ ಸುತ್ತಿ ಕರಿದು ಕೆಂಪು ಬಣ್ಣ ಹಾಕಿದ್ದನ್ನು ಚೀನಾದವರು ನೋಡಿದರೆ ಇದೇನಪ್ಪಾ ಎಂದು ಕೇಳಿಯಾರು. ಇಪ್ಪತ್ತು ಹೆಜ್ಜೆಯೊಳಗೆ ಮೂರು ಗಾಡಿ, ಮೂರಕ್ಕೂ ಊರು ಬೇರೆ. ಮೂವರಲ್ಲಿ ಯಾರೊಬ್ಬರೂ ಹುಟ್ಟಿದ ಊರಿನ ತಿಂಡಿ ಇದ್ದಹಾಗೇ ಮಾರುತ್ತಿರಲಿಲ್ಲ. ಪಾನಿಪೂರಿಯವನೂ ಅಷ್ಟೇ, ನಮ್ಮ ಜನಕ್ಕೆ ಬೇಕೆಂದು ಪಾನಿಗೆ ಖಾರ ಜಾಸ್ತಿ ಮಾಡಿ, ಮೇಲೆ ಕ್ಯಾರೆಟ್ ತುರಿ ಉದುರಿಸಿ ಕೊಡುತ್ತಿದ್ದ. ಅವನ ತಾಯಿ ಒಂದು ಸಲ ಊರಿಂದ ಬಂದಾಗ ಅದನ್ನು ನೋಡಿ ತಲೆ ಚಚ್ಚಿಕೊಂಡಳಂತೆ.

ಅಮ್ಮನದು ಒಂದು ಕಟ್ಟುನಿಟ್ಟಿತ್ತು. ಒಲೆಯ ಮೇಲಿರುವುದನ್ನು ನಾಲಗೆಗೆ ಮುಟ್ಟಿಸಬಾರದು. ಮುಟ್ಟಿಸಿದರೆ ಇಡೀ ಪಾತ್ರೆ ಎಂಜಲು. ಮನೆಯ ಸಾರಿಗೂ ಅದೇ, ಗಾಡಿಯ ಮಸಾಲೆಗೂ ಅದೇ. ಎಲ್ಲ ವಾಸನೆಯ ಮೇಲೆ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಕೊತ್ತಂಬರಿ, ಪುದೀನ ಒಂದೊಂದಾಗಿ ಬಾಣಲೆಗೆ ಬೀಳುವಾಗ ಅವಳು ಬಗ್ಗಿ ನಿಲ್ಲುವಳು. ರುಬ್ಬಿದ್ದು ಬಟಾಣಿಯೊಂದಿಗೆ ಕುದಿಯುವಾಗ ಸೌಟಿನಲ್ಲಿ ಒಂದು ಸಲ ಮಗುಚಿ, ಆವಿಗೆ ಮುಖ ಕೊಟ್ಟು, ಒಂದು ಚಿಟಿಕೆ ಉಪ್ಪು ಉದುರಿಸಿದಳೆಂದರೆ ಅಲ್ಲಿಗೆ ಮುಗಿಯಿತು. ಉಪ್ಪು ಕೂಡ ವಾಸನೆಯಲ್ಲಿ ಗೊತ್ತಾಗುತ್ತದೆ ಎನ್ನುತ್ತಿದ್ದಳು. ನಾನು ಆಡಿಕೊಳ್ಳುತ್ತಿದ್ದೆ. ಆದರೆ ಅವಳ ಕೈಯಲ್ಲಿ ಉಪ್ಪು ತಪ್ಪಿದ್ದು ನನಗೆ ನೆನಪಿಲ್ಲ.

ಪಾನಿಪೂರಿಯವನಾದರೋ ಸಂಜೆಗೆ ಇಪ್ಪತ್ತು ಸಲ ಪಾನಿಯನ್ನು ಅಂಗೈಗೆ ಬಿಟ್ಟುಕೊಂಡು ಸುರ್ ಎಂದು ಹೀರುತ್ತಿದ್ದ. ಅಮ್ಮ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ದಿನವೂ ಗಾಡಿ ಮುಚ್ಚುವ ಮುಂಚೆ ಅವನಿಗೆ ಒಂದು ತಟ್ಟೆ ಮಸಾಲೆ ಪೂರಿ ಕೊಡುವಳು. ಅವನು ಬದಲಿಗೆ ಕೊಟ್ಟಿದ್ದನ್ನು ಮಾತ್ರ, ಹಲ್ಲು ನೋವು ಕಣಪ್ಪ ಎಂದು ನನ್ನ ಕಡೆ ದಾಟಿಸುವಳು. ಅವಳ ಆ ಹಲ್ಲುನೋವಿಗೆ ಹದಿನೈದು ವರ್ಷವಾಗಿತ್ತು.

ಕೊರೊನಾ ಬಂತು. ಗಾಡಿ ನಿಂತಿತು. ಎರಡನೇ ಸಲ ಎಲ್ಲರಿಗೂ ಬಂದಾಗ ನಮ್ಮಿಬ್ಬರಿಗೂ ಜ್ವರ ಬಂತು. ನನಗೆ ಹದಿನೈದು ದಿನ ಮೂಗು ಕೆಲಸ ಮಾಡಲಿಲ್ಲ, ಆಮೇಲೆ ಸರಿಹೋಯಿತು. ನಿನಗೆ ಹೇಗಿದೆ ಎಂದು ಅಮ್ಮನನ್ನು ಕೇಳಿದೆ. ಎಲ್ಲ ಸರಿಯಾಗಿದೆ ಎಂದಳು. ನಾನು ನಂಬಿದೆ. ನಂಬದೆ ಇರುವುದಕ್ಕೆ ನನಗಾದರೂ ಪುರಸೊತ್ತು ಎಲ್ಲಿತ್ತು?

ಗಾಡಿ ಮತ್ತೆ ಹೊರಗೆ ಬಂದ ಮೇಲೆ ಗಿರಾಕಿಗಳು ಮೊದಲಿನಂತೆ ಬರಲಿಲ್ಲ. ಜನಕ್ಕೆ ಇನ್ನೂ ಭಯ ಎಂದುಕೊಂಡೆ. ಭಯ ಹೋಯಿತು, ಗೋಬಿಯವನ ಮುಂದೆ ಜನ ಮುಗಿಬಿದ್ದರು, ನಮ್ಮ ಮುಂದೆ ಮಾತ್ರ ಇಲ್ಲ. ಆಗ ನನ್ನ ಸಿಟ್ಟು ಊರಿನ ಮೇಲೆಲ್ಲ ಹೋಯಿತು. ಗೋಬಿಯವನು ಲೈಟು ಜಾಸ್ತಿ ಹಾಕಿದ್ದಾನೆ ಅಂದೆ. ಮಗ್ಗದವರಿಗೆ ಕೆಲಸವಿಲ್ಲ ಅಂದೆ. ಈಗಿನ ಮಕ್ಕಳಿಗೆ ಮೊಮೊ ಸಿಕ್ಕರೆ ಸಾಕು ಅಂದೆ. ದಿನಾ ಕೆಲಸ ಮುಗಿಸಿ ಬರುವಾಗ ಹಳೇ ಗಿರಾಕಿಗಳ ಮುಖ ಹುಡುಕುತ್ತ ಬರುತ್ತಿದ್ದೆ. ಅವರು ನನ್ನನ್ನು ನೋಡಿ ಗಾಡಿ ದಾಟಿಕೊಂಡು ಬೇಗ ಬೇಗ ಹೋಗುತ್ತಿದ್ದರು. ನಿಂತು ಮಾತಾಡಿದರೆ ಕಾರಣ ಹೇಳಬೇಕಾದೀತೆಂದು ಹಾಗೆ ಹೋಗುತ್ತಿದ್ದರೆಂದು ಈಗ ಗೊತ್ತು.

ನಾನು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಸೆಕ್ಷನ್ನಿನಲ್ಲಿದ್ದೇನೆ. ಹೊಲಿದು ಬಂದ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಹೊಲಿಗೆ ಬಿಟ್ಟಿದ್ದರೆ, ಎಣ್ಣೆಯ ಕಲೆ ಇದ್ದರೆ, ಅಲ್ಲಿಗೆ ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್ಸು ಕಳಿಸುವುದು. ಇಡೀ ದಿನ ತಪ್ಪು ಹುಡುಕುವುದೇ ನನ್ನ ಕೆಲಸ. ಮನೆಯಲ್ಲಿ ಕಣ್ಣೆದುರಿಗೆ ಇದ್ದದ್ದು ಮಾತ್ರ ಕಾಣಲಿಲ್ಲ. ಗಾಡಿಯ ಮಸಾಲೆ ಪೂರಿ ತಿಂದು ತಿಂದು ಬೇಸತ್ತು, ನಾನು ಅದನ್ನು ಬಾಯಿಗಿಟ್ಟು ವರ್ಷಗಳಾಗಿದ್ದವು. ಒಂದು ದಿನ ಹಾಲು ಉಕ್ಕಿ ತಳ ಹತ್ತಿ ಮನೆಯೆಲ್ಲ ಸೀದ ವಾಸನೆ, ಅಮ್ಮ ಪಕ್ಕದಲ್ಲೇ ಬಟಾಣಿ ಆರಿಸುತ್ತ ಕೂತಿದ್ದಳು. ಕೂತಲ್ಲೇ ನಿದ್ದೆ ಹೊಡೀತೀಯಾ ಎಂದು ಕೂಗಾಡಿದೆ. ಹೌದು ಕಣೆ, ಜೋಂಪು ಹತ್ತಿತ್ತು ಎಂದಳು. ಇನ್ನೊಂದು ಕೇಳಿ. ಮನೆಯ ಅಡಿಗೆ ನನ್ನದು. ಜೀವಮಾನದಲ್ಲಿ ಒಂದು ದಿನವೂ ನನ್ನ ಸಾರಿಗೆ ಹೆಸರಿಡದೆ ಉಂಡವಳಲ್ಲ ಅವಳು. ಹುಳಿ ಮುಂದು, ಖಾರ ಹಿಂದು, ಇಂಗು ಜಾಸ್ತಿ, ಏನಾದರೊಂದು. ಆ ವರ್ಷ ಮಾತಿಲ್ಲದೆ ಉಣ್ಣತೊಡಗಿದಳು. ಕೊನೆಗೂ ನನಗೆ ಅಡಿಗೆ ಬಂತು ಎಂದು ನಾನು ಒಳಗೊಳಗೇ ಹಿಗ್ಗಿದೆ.

ಹೇಳಿದವನು ಪಾನಿಪೂರಿಯವನು. ಒಂದು ಬುಧವಾರ ಫ್ಯಾಕ್ಟರಿಯಿಂದ ಬರುತ್ತಿದ್ದವಳನ್ನು ತಿರುವಿನ ಈಚೆಯೇ ತಡೆದು ನಿಲ್ಲಿಸಿದ. ಕೈ ಒರೆಸುತ್ತ, ನೆಲ ನೋಡುತ್ತ ಹೇಳಿದ.

"ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಅಮ್ಮನ ಮಸಾಲೆ ಮೊದ್ಲಿನ ಥರ ಇಲ್ಲ. ಒಂದಿನ ಸೀದಿರುತ್ತೆ, ಒಂದಿನ ಉಪ್ಪೇ ಇರಲ್ಲ. ನಾನು ದಿನಾ ತಿಂತೀನಲ್ಲ, ನಂಗೆ ಗೊತ್ತು."

ಎಷ್ಟು ದಿನದಿಂದ ಎಂದು ಕೇಳಿದೆ. ಗಾಡಿ ತೆಗೆದಾಗಿನಿಂದ ಎಂದ. ಹೇಳಲು ಧೈರ್ಯ ಬರಲಿಲ್ಲವಂತೆ. ಅಷ್ಟೂ ತಿಂಗಳು ದಿನಕ್ಕೊಂದು ತಟ್ಟೆ ಮಾತಿಲ್ಲದೆ ತಿಂದು ಮುಗಿಸಿದ್ದ ಪುಣ್ಯಾತ್ಮ.

ಒಂದು ಗಳಿಗೆ ನಿಂತು ಯೋಚಿಸುವ ಗುಣ ದೇವರು ನನಗೆ ಕೊಟ್ಟಿಲ್ಲ. ಸೀದಾ ಗಾಡಿಗೆ ಹೋದೆ. ಮೂರು ನಾಲ್ಕು ಜನ ತಟ್ಟೆ ಹಿಡಿದು ನಿಂತಿದ್ದರು. ಅಮ್ಮನ ಕೈಯಿಂದ ಸೌಟು ಕಿತ್ತುಕೊಂಡು, ಅಂಗೈಗೆ ಮಸಾಲೆ ಬಿಟ್ಟುಕೊಂಡು, ಎಲ್ಲರೆದುರಿಗೆ ನೆಕ್ಕಿದೆ. ಹುರಿದ ಈರುಳ್ಳಿ ಹೊತ್ತಿದ ಕಹಿ. ಅದರ ಮೇಲೆ ನಾಲಗೆ ಜೋಮು ಹಿಡಿಯುವಷ್ಟು ಲವಂಗ. ಇಷ್ಟು ದಿನ ನಾವು ಜನಕ್ಕೆ ಕೊಡುತ್ತಿದ್ದದ್ದು ಇದನ್ನೇ.

"ಏನಮ್ಮಾ ಇದು, ಸೀದು ಕರಕಲಾಗಿದೆ. ಮೂಗು ಸತ್ತೋಗಿದ್ಯಾ ನಿಂಗೆ?"

ತಿನ್ನುತ್ತಿದ್ದವರ ಕೈ ನಿಂತಿತು. ಅಮ್ಮ ಕೈಯಲ್ಲಿದ್ದ ಪೂರಿಯನ್ನು ಡಬ್ಬಕ್ಕೆ ಹಾಕಿದಳು. ಬಗ್ಗಿ ಗ್ಯಾಸು ಆರಿಸಿದಳು.

"ಹೌದು ಕಣೆ. ಸತ್ತೋಗಿದೆ" ಎಂದಳು.

ಸೆರಗಿನಿಂದ ಕೈ ಒರೆಸಿಕೊಂಡು ಮನೆಯ ಕಡೆ ನಡೆದುಬಿಟ್ಟಳು. ನಿಂತಿದ್ದವರಲ್ಲಿ ಒಬ್ಬ ವಯಸ್ಸಾದ ಮಗ್ಗದವನು, ನಮ್ಮ ಹಳೆಯ ಗಿರಾಕಿ, ಆ ತಟ್ಟೆಯನ್ನು ಪೂರ್ತಿ ತಿಂದು, ತೊಳೆದಿಟ್ಟು ಹೋದ. ನಾನು ಆ ಪಾತ್ರೆಯನ್ನು ಚರಂಡಿಗೆ ಚೆಲ್ಲಿ, ಗಾಡಿ ತಳ್ಳಿಕೊಂಡು ಬಂದೆ.

ಮರುದಿನ ಅಮ್ಮ ಗಾಡಿಗೆ ಹೋಗಲಿಲ್ಲ. ಮಂಡಿ ನೋವು ಎಂದಳು. ಅದರ ಮರುದಿನವೂ ಮಂಡಿ. ನಾನು ಫ್ಯಾಕ್ಟರಿಗೆ ರಜೆ ಹಾಕಿ ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎಲ್ಲ ನೋಡಿ, ಇಷ್ಟು ದಿನವಾಗಿದೆ, ವಾಪಸ್ಸು ಬಂದರೂ ಬರಬಹುದು, ಬರದೆಯೂ ಇರಬಹುದು, ಕಾಯಿರಿ ಎಂದರು. ಕಾಯುವುದು ಒಂದು ಬಿಟ್ಟು ಬೇರೆ ಏನು ಬೇಕಾದರೂ ಹೇಳಲಿ ಎಂದಿತ್ತು ನನಗೆ.

ಕಾಯುವ ಹಾಗೂ ಇರಲಿಲ್ಲ. ರಸ್ತೆ ಬದಿಯ ಜಾಗಕ್ಕೆ ಪತ್ರವೇ, ಪಟ್ಟಾವೇ? ದಿನವೂ ನಿಂತರೆ ನಮ್ಮದು. ನಾಲ್ಕು ದಿನ ಖಾಲಿ ಬಿಟ್ಟರೆ ಯಾರದೋ. ಗೋಬಿಯವನು ಆಗಲೇ ಎರಡು ಪ್ಲಾಸ್ಟಿಕ್ ಸ್ಟೂಲನ್ನು ನಮ್ಮ ಕಡೆಗೆ ಸರಿಸಿದ್ದ. ಜ್ಯೂಸಿನ ಗಾಡಿಯವನೊಬ್ಬ ಬಂದು ವಿಚಾರಿಸಿಕೊಂಡು ಹೋದನಂತೆ. ಪಾನಿಪೂರಿಯವನು ತನ್ನ ನೀರಿನ ಡ್ರಮ್ಮನ್ನು ತಂದು ನಮ್ಮ ಜಾಗದ ನಡುವೆ ಇಟ್ಟು, ಕೇಳಿದವರಿಗೆಲ್ಲ ಅಮ್ಮ ಸೋಮವಾರ ಬರ್ತಾರೆ ಎಂದು ಹೇಳುತ್ತಿದ್ದ. ಎರಡು ಸೋಮವಾರ ಕಳೆದವು.

ರುಚಿ ನಾನು ನೋಡ್ತೀನಿ, ನೀನು ಮಾಡು ಎಂದು ಅಮ್ಮನಿಗೆ ಹೇಳಿದೆ. ಅವಳು ನನ್ನನ್ನು ನೋಡಿದ ರೀತಿಗೆ ಇನ್ನೊಬ್ಬಳಾಗಿದ್ದರೆ ಬಾಯಿ ಮುಚ್ಚುತ್ತಿದ್ದಳು. ನಾನು ಮುಚ್ಚಲಿಲ್ಲ. ಲೋಕದ ಎಲ್ಲ ಹೋಟೆಲಿನಲ್ಲೂ ರುಚಿ ನೋಡಿಯೇ ಬಡಿಸೋದು, ನಿನ್ನದೊಂದು ಯಾವ ಕಾಲದ್ದು ಎಂದೆ.

"ಲೋಕದೋರು ಏನಾದ್ರೂ ಮಾಡ್ಕೊಳ್ಲಿ. ಮೂವತ್ತು ವರ್ಷ ನಾನು ಯಾರಿಗೂ ಎಂಜಲು ತಿನ್ಸಿಲ್ಲ. ಈಗ ತಿನ್ಸಿ ಹೆಸರು ಕೆಡಿಸ್ಕೊಳ್ಳೋದಕ್ಕಿಂತ ಗಾಡಿ ಮಾರ್ಬಿಡ್ತೀನಿ."

ಅವಳು ಹೇಳಿದರೆ ಮಾಡುವವಳೇ. ಗಾಡಿ ಹೋದರೆ ಹೊಟ್ಟೆಗೇನೂ ತೊಂದರೆಯಿರಲಿಲ್ಲ, ನನ್ನ ಸಂಬಳ ಇತ್ತು. ಆದರೆ ಆ ಎರಡು ವಾರದಲ್ಲಿ ಅವಳು ಕಿಟಕಿಯ ಪಕ್ಕ ಕೂತಿರುವುದನ್ನು ನೋಡಿ ನೋಡಿ ನನಗೆ ಹೆದರಿಕೆ ಹತ್ತಿತು. ಮಧ್ಯಾಹ್ನ ಮೂರಾದರೆ ಸಾಕು, ಎದ್ದು ಅಡಿಗೆಮನೆಗೆ ಹೋಗುವಳು. ಬಾಣಲೆ ಮುಟ್ಟುವಳು. ವಾಪಸ್ಸು ಬಂದು ಕೂರುವಳು. ಯಾರಾದರೂ ಬಾಗಿಲಿಗೆ ಬಂದರೆ ಒಳಗೆ ಸೇರಿಕೊಳ್ಳುವಳು. ಮೂವತ್ತು ವರ್ಷ ಬೀದಿಯಲ್ಲಿ ನಿಂತು ಎಲ್ಲರ ಬಾಯಿಗೂ ಜವಾಬು ಕೊಟ್ಟ ಹೆಂಗಸು. ಅವಳನ್ನು ಹಾಗೆ ಮಾಡಿದವಳು ನಾನು. ಒಂದು ಕಡೆ ಕೂರಲಾಗದೆ ನಾನು ಮನೆಯೊಳಗೆ ಹೊರಗೆ ತಿರುಗುತ್ತಿದ್ದೆ.

ಫ್ಯಾಕ್ಟರಿಯಲ್ಲಿ ಎಲ್ಲಕ್ಕೂ ಅಳತೆಯ ಹಾಳೆ ಇರುತ್ತದೆ. ಕಾಲರು ಇಷ್ಟು, ಕಫ್ಫು ಇಷ್ಟು, ಇಂಚಿಗೆ ಹೊಲಿಗೆ ಇಷ್ಟು. ಮಸಾಲೆಗೂ ಹಾಗೊಂದು ಹಾಳೆ ಇದ್ದರೆ ಮೂಗೇಕೆ ಬೇಕು, ನಾಲಗೆಯೇಕೆ ಬೇಕು ಎಂದು ಹೊಳೆಯಿತು. ಕಲಿಸಿದವಳ ಹತ್ತಿರ ಇಲ್ಲದೆ ಇರುತ್ತದೆಯೇ? ಭಾನುವಾರ ಬೆಳಗ್ಗೆ ಅಮ್ಮನಿಗೆ ಓವರ್‌ಟೈಮ್ ಎಂದು ಹೇಳಿ ನೆಲಮಂಗಲದ ಬಸ್ಸು ಹತ್ತಿದೆ. ಅಲ್ಲಿಂದ ತ್ಯಾಮಗೊಂಡ್ಲಿಗೆ ಇನ್ನೊಂದು.

ಮನೆ ಕೇಳಿಕೊಂಡು ಹೋದರೆ, ಅಮ್ಮನಿಗೆ ಕಲಿಸಿದ ಆ ಹೆಂಗಸು ಈಗ ಅಜ್ಜಿಯಾಗಿ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದರು. ಎಂಬತ್ತರ ಹತ್ತಿರ ಹತ್ತಿರ. ನನ್ನ ಗುರುತು ಸಿಗಲು ಸ್ವಲ್ಪ ಹೊತ್ತಾಯಿತು. ಸಿಕ್ಕ ಮೇಲೆ, ನೀನು ಗಾಡಿ ಕೆಳಗೆ ಮಲಗಿ ನಿದ್ದೆ ಮಾಡ್ತಿದ್ದೋಳಲ್ವಾ ಎಂದು ಮೈದಡವಿದರು. ನೆಟ್ಟಗೆ ವಿಷಯಕ್ಕೆ ಬಂದೆ. ಮಸಾಲೆ ಪೂರಿಯನ್ನು ನೀವು ಎಲ್ಲಿ ಕಲಿತದ್ದು, ಅಳತೆ ಏನು ಎಂದು ಕೇಳಿದೆ. ಅಳತೆಯ ಮಾತನ್ನು ಬದಿಗಿಟ್ಟು ಅಜ್ಜಿ ಮೊದಲನೆಯದನ್ನು ಹಿಡಿದುಕೊಂಡರು.

ಅವರ ಗಂಡ ಬೆಂಗಳೂರಿನ ಪೇಟೆಯಲ್ಲಿ, ಉತ್ತರದಿಂದ ಬಂದವರೊಬ್ಬರ ಮಿಠಾಯಿ ಅಂಗಡಿಯ ಒಲೆಯ ಮುಂದೆ ಕೆಲಸಕ್ಕಿದ್ದರಂತೆ. ಅಲ್ಲಿ ಒಣಬಟಾಣಿ ಬೇಯಿಸಿ, ಗರಿಗರಿ ಪೂರಿ ಮುರಿದು, ಮೇಲೆ ಸುರಿದು ಕೊಡುತ್ತಿದ್ದರಂತೆ. ರಜಕ್ಕೆ ಬಂದಾಗ ಹೆಂಡತಿಗೆ ಮಾಡಿ ತೋರಿಸಿದರು. ಅಂಗಡಿಯವರು ಹಾಕುವ ಪುಡಿಗಳು ದೊಡ್ಡಬಳ್ಳಾಪುರದ ವಠಾರದಲ್ಲಿ ಎಲ್ಲಿ ಸಿಗಬೇಕು? ಅಜ್ಜಿ ತಮಗೆ ಗೊತ್ತಿದ್ದ ಬಸ್ಸಾರಿನ ಮಸಾಲೆ ರುಬ್ಬಿದರು, ಕಾಳು ಬೇಯಿಸಿ ಬಸಿದ ಕಟ್ಟಿಗೆ ನಾವೆಲ್ಲ ಹಾಕುವುದು ಅದನ್ನೇ. ಚಕ್ಕೆ ಲವಂಗ ಮಾತ್ರ ಸೇರಿಸಿದರು. ಪುದೀನ ಆಮೇಲೆ ನಮ್ಮಮ್ಮ ಹಾಕಿದ್ದು. ಇನ್ನೂ ಎಷ್ಟು ಬೀದಿಯಲ್ಲಿ ಎಷ್ಟು ಜನ ಹೆಂಗಸರು ಹೀಗೇ ಮಾಡಿದ್ದರೋ, ನಾನೇ ಮೊದಲು ಅಂತ ಹೇಳಲಾರೆ ಎಂದರು ಅಜ್ಜಿ. ಪೂರಿ ಅವರದು, ಸಾರು ನಮ್ಮದು, ಅಷ್ಟೇ ಎಂದರು.

ಬೇರೆ ದಿನವಾಗಿದ್ದರೆ ನಾನು ಅದನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಆವತ್ತು ನನ್ನ ಕಣ್ಣು ಬಸ್ಸಿನ ಹೊತ್ತಿನ ಮೇಲೆ. ಅಳತೆ ಹೇಳಿ ಅಜ್ಜಿ, ಲವಂಗ ಎಷ್ಟು, ಎಷ್ಟು ಹೊತ್ತು ಹುರಿಯಬೇಕು ಎಂದು ಮತ್ತೆ ಕೇಳಿದೆ. ಅಜ್ಜಿ ಹುಣಸೆಹಣ್ಣು ಕೆಳಗಿಟ್ಟರು.

"ಅಳತೆ ಎಲ್ಲೈತವ್ವಾ? ವಾಸ್ನೆ ಬಂದ್ರೆ ಇಳಿಸ್ಬೇಕು. ಅದೇನು ತಾಯಿ ಮಗಳು ಇಬ್ರೂ ಅಳತೆ ಅಂತ ಬರ್ತೀರಿ? ಯುಗಾದಿ ಮುಂದೆ ನಿಮ್ಮಮ್ಮನೂ ಬಂದಿದ್ಲಲ್ಲ, ಚೀಟಿ ಪೆನ್ನು ಹಿಡ್ಕೊಂಡು."

ನಮ್ಮಮ್ಮ ಓದಿದ್ದು ನಾಲ್ಕನೇ ಕ್ಲಾಸು. ಹೆಬ್ಬೆಟ್ಟಲ್ಲ ಎಂದು ತೋರಿಸಲು ಸಹಿ ಹಾಕುವಾಗ ಬಿಟ್ಟರೆ ಪೆನ್ನು ಮುಟ್ಟಿದವಳಲ್ಲ. ಏನು ಕೇಳಿದಳು ಎಂದೆ. ಇದನ್ನೇ ಕೇಳಿದಳಂತೆ. ಲವಂಗ ಎಣಿಸಿ ಎಷ್ಟು, ಗಡಿಯಾರದಲ್ಲಿ ಎಷ್ಟು ನಿಮಿಷ. ಮೂವತ್ತು ವರ್ಷ ಮಾಡಿದವಳು ನನ್ನನ್ನು ಪರೀಕ್ಷೆ ಮಾಡಕ್ಕೆ ಬಂದಿದ್ದೀಯೇನೆ ಎಂದು ಅಜ್ಜಿ ನಕ್ಕುಬಿಟ್ಟರಂತೆ. ಅಮ್ಮನೂ ಜೊತೆಗೆ ನಕ್ಕಳಂತೆ. ಮಜ್ಜಿಗೆ ಕುಡಿದು, ಚೀಟಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹೊರಟಳಂತೆ. ಅಜ್ಜಿಗೆ ನಿಜ ಹೇಳುವ ಮನಸ್ಸಾಗಲಿಲ್ಲ. ನಾನೂ ನಕ್ಕೆ, ನಾನೂ ಮಜ್ಜಿಗೆ ಕುಡಿದೆ.

ಯುಗಾದಿಗೆ ಮುಂಚಿನ ಆ ದಿನ ನನಗೆ ಚೆನ್ನಾಗಿ ನೆನಪಿದೆ. ಆವತಿಯ ಹತ್ತಿರ ನೆಂಟರ ಮನೆಯಲ್ಲಿ ನಾಮಕರಣ ಎಂದು ಹೇಳಿ ಹೋದವಳು ಕತ್ತಲಾಗುವ ಹೊತ್ತಿಗೆ ಬಂದಿದ್ದಳು. ಗಾಡಿ ನಿಲ್ಲಿಸಿ ಊರು ಸುತ್ತೋಕೆ ಹೋಗ್ತೀಯಾ ಎಂದು ನಾನು ಹಾರಾಡಿದ್ದೆ. ವಾಪಸ್ಸು ಬರುವ ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗಲಿಲ್ಲ. ಕಂಬಿ ಹಿಡಿದು ನಿಂತೇ ಬಂದೆ. ಅಷ್ಟೂ ತಿಂಗಳು ಅವಳೊಬ್ಬಳೇ ಇದನ್ನು ಹೊತ್ತುಕೊಂಡು ತಿರುಗಿದಳಲ್ಲ, ನನಗೆ ಹೇಳಿದರೆ ನಾನು ಕೂಗಾಡುತ್ತೇನೆ ಎಂದು ತಾನೆ ಹೇಳಲಿಲ್ಲ ಎಂದು ನಾಚಿಕೆಯಾಯಿತು. ನೆಲಮಂಗಲದಲ್ಲಿ ಬಸ್ಸು ಬದಲಾಯಿಸುವಾಗ ಅತ್ತೂಬಿಟ್ಟೆ.

ಮನೆಗೆ ಬಂದು, ತ್ಯಾಮಗೊಂಡ್ಲಿಗೆ ಹೋಗಿದ್ದೆ ಎಂದೆ. ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಮಡಿಸುತ್ತಲೇ, ಏನಂದ್ಲು ಎಂದು ಕೇಳಿದಳು. ಅಳತೆ ಇಲ್ಲವಂತೆ ಎಂದೆ. ನಂಗೂ ಹಂಗೇ ಅಂದ್ಲು ಎಂದಳು. ಕೂಗಾಡದೆ ಅವಳ ಪಕ್ಕ ಕೂತು ನಾನೂ ಬಟ್ಟೆ ಮಡಿಸಿದೆ. ನನ್ನ ಲೆಕ್ಕಕ್ಕೆ ಅದೇ ದೊಡ್ಡ ಸಾಧನೆ.

ಕೊನೆಗೆ ಮಾತು ತೆಗೆದದ್ದೂ ನಾನೇ. ನಾಲಗೆ ಬೇಡಮ್ಮ, ನಾನು ಬರೀ ವಾಸನೆ ನೋಡಿದರೆ ಎಂಜಲಾಗುತ್ತದಾ ಎಂದು ಕೇಳಿದೆ. ಎರಡು ವಾರದಿಂದ ತಲೆಗೆ ಹತ್ತದೆ ಇದ್ದದ್ದು ಅದು. ಅಮ್ಮ ಒಂದು ಟವಲು ಮಡಿಸುವಷ್ಟು ಹೊತ್ತು ಯೋಚಿಸಿದಳು.

"ದೇವರಿಗೆ ಇಡೋದನ್ನ ಮೂಸ್ಬಾರ್ದು. ಮನುಷ್ಯರಿಗೆ ಪರ್ವಾಗಿಲ್ಲ."

ನಾನು ಬೆಳಗಿನ ಶಿಫ್ಟಿಗೆ ಬರೆದುಕೊಟ್ಟೆ. ಮಧ್ಯಾಹ್ನ ಎರಡೂವರೆಗೆ ಮನೆಗೆ ಬಂದು ಅಮ್ಮನ ಪಕ್ಕ ನಿಲ್ಲುವುದು. ನಿಂತ ಮೇಲೆ ಗೊತ್ತಾಯಿತು, ನನಗೆ ಮೂಗಿದೆ, ಅದಕ್ಕೆ ಬುದ್ಧಿಯಿಲ್ಲ ಎಂದು. ಹಸಿ ವಾಸನೆ ಬರ್ತಿದೆ ಎಂದರೆ, ಯಾವ ಹಸಿ, ಈರುಳ್ಳಿದಾ ಶುಂಠಿದಾ ಎನ್ನುವಳು. ನನಗೆ ಎರಡೂ ಒಂದೇ. ಘಾಟು ಎಂದರೆ, ಮೂಗಿನ ಮುಂದೆ ಘಾಟಾ, ಗಂಟಲಲ್ಲಿ ಘಾಟಾ ಎನ್ನುವಳು. ಮೊದಲ ವಾರ ಮೂರು ಸಲ ಜಗಳವಾಡಿದೆವು. ಲವಂಗ ಬಾಣಲೆಯಲ್ಲಿ ಉಬ್ಬುವುದಕ್ಕೂ ಸಿಡಿಯುವುದಕ್ಕೂ ನಡುವೆ ಒಂದು ಸಿಹಿ ವಾಸನೆ ಬರುತ್ತದೆ, ಆಗ ಕೊತ್ತಂಬರಿ ಬೀಳಬೇಕು ಎಂಬುದನ್ನು ನಾನು ಹಿಡಿದ ದಿನ ಅವಳು ಬಾಣಲೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ನಾಲ್ಕನೆಯ ಸೋಮವಾರ ಗಾಡಿ ಹೊರಗೆ ಬಂತು. ಪಾನಿಪೂರಿಯವನು ಡ್ರಮ್ಮು ಎತ್ತಿಕೊಂಡ. ಗೋಬಿಯವನು ಸ್ಟೂಲು ಎಳೆದುಕೊಂಡು, ಸುಮ್ನೆ ಇಟ್ಟಿದ್ದೆ ಅಕ್ಕ ಎಂದ. ಆ ವಯಸ್ಸಾದ ಮಗ್ಗದವನು ನಾಲ್ಕನೆಯ ದಿನ ಬಂದು ಒಂದು ತಟ್ಟೆ ತಿಂದ, ಮರುದಿನ ಇನ್ನಿಬ್ಬರನ್ನು ಕರೆತಂದ. ಬೆಂಗಳೂರಿನ ಹುಡುಗರು ಎಲ್ಲಿಂದ ಬಂದಿದ್ದು ಎಂದು ಕೇಳಿದರೆ ಅಮ್ಮ ಇನ್ನೂ ಅರಮನೆಯ ಕತೆಯನ್ನೇ ಹೇಳುತ್ತಾಳೆ. ನಾನು ಬಾಯಿ ಹಾಕುವುದಿಲ್ಲ.

ದಿನ ಕಳೆದಂತೆ ನಮ್ಮ ನಡುವೆ ಮಾತು ಕಡಿಮೆಯಾಯಿತು. ಏನು ವಾಸನೆ ಎಂದು ಅವಳು ಕೇಳುವುದನ್ನು ಬಿಟ್ಟಳು. ಬಾ ಎಂದು ಕರೆಯುವಳು, ನಾನು ಆವಿಗೆ ಮುಖ ಕೊಡುವೆ, ಅವಳು ನನ್ನ ಮುಖ ನೋಡುವಳು. ಹುಬ್ಬು ಗಂಟಿಕ್ಕಿದರೆ ಏನೋ ತಪ್ಪಿದೆ. ಬಿಟ್ಟರೆ ಸರಿಯಿದೆ. ಅಷ್ಟರಿಂದಲೇ ಅವಳಿಗೆ ಉಪ್ಪು ಕೂಡ ತಿಳಿಯತೊಡಗಿತು.

ಹೋದ ತಿಂಗಳಿನ ಮಾತು. ಫ್ಯಾಕ್ಟರಿಯಲ್ಲಿ ನಾನು ಪಾಸು ಮಾಡಿದ ಒಂದು ಲಾಟು ಅಂಗಿ ಪೂರ್ತಿ ವಾಪಸ್ಸು ಬಂತು. ಸೂಪರ್‌ವೈಸರು ಇಡೀ ಲೈನಿನೆದುರು ನಿಲ್ಲಿಸಿ, ಕಣ್ಣಿದ್ಯಾ ಇಲ್ವಾ ಎಂದು ಅಂದ. ಬಸ್ಸೂ ತಪ್ಪಿತು. ಮನೆಗೆ ಬರುವ ಹೊತ್ತಿಗೆ ಮೂರೂವರೆ ದಾಟಿತ್ತು, ಅಮ್ಮ ಹುರಿದು, ರುಬ್ಬಿ, ಕುದಿಸಿ, ಎಲ್ಲ ಮುಗಿಸಿ ಕಾಯುತ್ತಿದ್ದಳು. ಚಪ್ಪಲಿ ಬಿಟ್ಟು ನೇರ ಒಲೆಯ ಹತ್ತಿರ ಹೋಗಿ, ಒಂದು ಸಲ ಬಗ್ಗಿ ವಾಸನೆ ತೆಗೆದುಕೊಂಡು, ಒಂದು ಮಾತೂ ಆಡದೆ ಬಟ್ಟೆ ಬದಲಿಸಲು ರೂಮಿಗೆ ಹೋದೆ. ಬಂದು ನೋಡಿದರೆ ಒಲೆಯ ಮೇಲೆ ಪಾತ್ರೆಯಿಲ್ಲ. ಬಚ್ಚಲಿನಲ್ಲಿ ಅಮ್ಮ ಬಗ್ಗಿ ನಿಂತು ಇಡೀ ಪಾತ್ರೆಯನ್ನು ಚೆಲ್ಲುತ್ತಿದ್ದಳು. ಬಟಾಣಿಕಾಳು ತೂಬಿನ ಬಾಯಿಗೆ ಕಟ್ಟಿಕೊಂಡು ಹಸಿರು ನೀರು ನಿಂತಿತ್ತು.

ಯಾಕಮ್ಮಾ ಚೆಲ್ಲಿದೆ ಎಂದು ಕಿರುಚಿದೆ. ನಿನ್ ಮುಖ ನೋಡ್ದೆ ಎಂದಳು.

ಅಯ್ಯೋ, ಅದು ಫ್ಯಾಕ್ಟರಿಯ ಸಿಟ್ಟು ಕಣಮ್ಮ, ಮಸಾಲೆ ಚೆನ್ನಾಗಿತ್ತು ಎಂದೆ. ಸಂಜೆಯ ಗಿರಾಕಿಗಳು, ಅವಳ ಇಡೀ ಮಧ್ಯಾಹ್ನದ ದುಡಿಮೆ, ಎಲ್ಲ ತೂಬಿನಲ್ಲಿತ್ತು. ಅಮ್ಮ ಖಾಲಿ ಪಾತ್ರೆ ಹಿಡಿದು ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ.

"ಚೆನ್ನಾಗಿತ್ತಾ?"

ಹೂಂ ಎಂದೆ.

"ಈರುಳ್ಳಿ ಸೀದಿರ್ಲಿಲ್ವಾ? ಲವಂಗ?"

ಎಲ್ಲ ಸರಿಯಾಗಿತ್ತಮ್ಮ, ಘಮ್ಮಂತಿತ್ತು ಎಂದೆ. ನಿಜವಾಗಿಯೂ ಹಾಗೇ ಇತ್ತು. ಅವಳ ಮುಖ ಅರಳಿದ್ದನ್ನು ಕಂಡು ನನಗೆ ಏನೂ ಅರ್ಥವಾಗಲಿಲ್ಲ.

"ನೀನಿರ್ಲಿಲ್ಲ ಕಣೆ ಇವತ್ತು. ಪೂರ್ತಿ ನಾನೊಬ್ಳೇ ಹುರಿದಿದ್ದು."

ಪಾತ್ರೆ ತೊಳೆದಳು. ಮಣೆ ಎಳೆದುಕೊಂಡು ಕೂತು ಈರುಳ್ಳಿಯ ಬುಟ್ಟಿಗೆ ಕೈ ಹಾಕಿದಳು. ನೆನೆದ ಬಟಾಣಿ ಇನ್ನೂ ಇದೆ, ಕುಕ್ಕರಿಗೆ ಹಾಕು, ಹಾಕಿ ಆಚೆ ಹೋಗು, ಕರೆಯೋವರೆಗೂ ಒಳಗೆ ಬರಬೇಡ ಎಂದಳು. ಲೇಟಾಗುತ್ತದೆ, ಗಾಡಿ ಯಾವಾಗ ಹೊರಡುವುದು ಎಂದು ಗೊಣಗಿದೆ. ಹೋಗೇ ಎಂದಳು.

ಬಾಗಿಲ ಹೊರಗೆ ನಿಂತೆ. ಒಳಗೆ ಎಣ್ಣೆ ಚುರುಗುಟ್ಟಿತು. ಈರುಳ್ಳಿಯ ಹಸಿ ವಾಸನೆ ಬಂತು, ಹೋಯಿತು, ಕೆಂಪಾದದ್ದು ಬಂತು. ಶುಂಠಿ ಬಂತು. ಸ್ವಲ್ಪ ತಡೆದು ಲವಂಗದ ಆ ಸಿಹಿ. ಅಲ್ಲಿಗೆ ಸರಿಯಾಗಿ ಕೊತ್ತಂಬರಿ ಬಿತ್ತು. ಒಂದು ಗಳಿಗೆಯೂ ಹಿಂದೆ ಮುಂದೆ ಇಲ್ಲ. ಹೊರಗಿದ್ದ ನನಗೆ ಗೊತ್ತಾಯಿತು. ಒಲೆಯ ಮುಂದಿದ್ದ ಅವಳಿಗೆ ಇನ್ನೂ ಗೊತ್ತಿರಲಿಲ್ಲ. ರುಬ್ಬಿ, ಬೆಂದ ಬಟಾಣಿಗೆ ಬೆರೆಸಿ ಕುದಿಯಲು ಇಟ್ಟ ಮೇಲೆ ಅಮ್ಮ ಕರೆದಳು. ನಾನು ನಲ್ಲಿಯ ಹತ್ತಿರ ಹೋಗಿ, ಫ್ಯಾಕ್ಟರಿಯದೇನೂ ಉಳಿಯದ ಹಾಗೆ ಮುಖ ತೊಳೆದುಕೊಂಡು, ಒರೆಸಿಕೊಂಡು ಒಳಗೆ ಹೋದೆ.